ಚಂಬಾ ನಗರದ ಶಿಲಾದೇವಾಲಯಗಳು

ದೇವಾಲಯವನ್ನು ಕಟ್ಟಿಸಿದ ಅರಸನ ಹೆಸರು ಶಾಸನಗಳಲ್ಲಿಯೂ ಐತಿಹ್ಯಗಳಲ್ಲಿಯೂ ಉಳಿಯುವುದುಂಟು. ಆ ದೇವಾಲಯವನ್ನು ಮಳೆ ಗಾಳಿ ಹಿಮಗಳಿಂದ ತಲೆತಲಾಂತರವಾಗಿ ಕಾಪಾಡಿಕೊಂಡು ಬಂದವರ ಹೆಸರು ಮಾತ್ರ ಸಾಮಾನ್ಯವಾಗಿ ಉಳಿಯುವುದಿಲ್ಲ. ಅವರ ಹೆಸರಲ್ಲದಿದ್ದರೂ ಅವರ ಕೆಲಸವು ಎಲ್ಲರ ಕಣ್ಣಿಗೂ ಕಾಣುವಂತೆ ನಿಂತಿರುವ ಪಟ್ಟಣವೊಂದು ಹಿಮಾಲಯದ ಮಡಿಲಿನಲ್ಲಿರುವುದು. ಅದೇ ಚಂಬಾ.

ಇಂದಿನ ಹಿಮಾಚಲ ಪ್ರದೇಶಕ್ಕೆ ಸೇರಿದ ಈ ಪಟ್ಟಣವು ರಾವೀ ನದಿಯ ದಂಡೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರು ಎತ್ತರದಲ್ಲಿದೆ. ಆ ಸೀಮೆಯ ಅರಸರು ಮೊದಲು ಮೇಲಣ ಕಣಿವೆಯ ಬ್ರಹ್ಮಪುರದಲ್ಲಿ, ಎಂದರೆ ಈಗಿನ ಭರ್ಮೌರಿನಲ್ಲಿ, ಆಳುತ್ತಿದ್ದರು. ಅಲ್ಲಿ ಕ್ರಿ. ಶ. 700ರ ಸುಮಾರಿನಲ್ಲಿದ್ದ ಮೇರುವರ್ಮನ ಕಾಲದ ಲಕ್ಷಣಾದೇವಿಯ ಗುಡಿಯು ಇಂದಿಗೂ ಉಳಿದಿದೆ. ಅದರ ದ್ವಾರ, ಕಂಬ, ಒಳಮಾಳಿಗೆಗಳ ಮರಗೆಲಸವು ನೋಡುವವರನ್ನು ಬೆರಗುಗೊಳಿಸುವಂತಹುದು. ದೇವಿಯ ಲೋಹಮೂರ್ತಿಯ ಪೀಠದ ಶಾಸನದಲ್ಲಿ ಅರಸನ ಹೆಸರಿನ ಜೊತೆಗೆ ಅದನ್ನು ನಿರ್ಮಿಸಿದ ಗುಗ್ಗನೆಂಬ ಶಿಲ್ಪಿಯ ಹೆಸರೂ ಬಂದಿರುವುದು ವಿಶೇಷವೇ ಸರಿ. ಒಟ್ಟಿನಲ್ಲಿ, ಆ ಬೆಟ್ಟಸೀಮೆಯ ಜನಕ್ಕೆ ಮರವೇ ಕೈಗೆ ಒಗ್ಗಿದ ವಸ್ತುವಾಗಿದ್ದಿತು.

ಕ್ರಿ. ಶ. 920ರ ಸುಮಾರಿನಲ್ಲಿ ಸಾಹಿಲವರ್ಮನು ರಾಜಧಾನಿಯನ್ನು ಚಂಬಾಕ್ಕೆ ತಂದನು. ತನ್ನ ಮಗಳಾದ ಚಂಪಾವತಿಯ ಹೆಸರನ್ನೇ ಊರಿಗೆ ಇಟ್ಟನೆಂದು ಐತಿಹ್ಯವಿದೆ. ಲಕ್ಷ್ಮೀನಾರಾಯಣ ದೇವಾಲಯವನ್ನು ಕಟ್ಟಿಸಿದವನೂ ಅವನೇ ಎನ್ನುವರು. ಮೂರ್ತಿಗಾಗಿ ಅಮೃತಶಿಲೆಯನ್ನು ತರಲು ತನ್ನ ಮಕ್ಕಳನ್ನು ದೂರದ ವಿಂಧ್ಯಪರ್ವತಕ್ಕೆ ಕಳುಹಿಸಿದನೆಂಬ ಕಥೆಯೂ ಉಂಟು. ಈಗ ಆ ಪ್ರಾಕಾರದಲ್ಲಿ ಆರು ಶಿಖರದೇವಾಲಯಗಳು ಸಾಲಾಗಿ ನಿಂತಿವೆ. ಮೂರು ವಿಷ್ಣುವಿನವು, ಮೂರು ಶಿವನವು. ಇವೆಲ್ಲವೂ ಒಂದೇ ಕಾಲದವಲ್ಲ. ಗೌರೀಶಂಕರ ದೇವಾಲಯವನ್ನು ಸಾಹಿಲವರ್ಮನ ಮಗನಾದ ಯುಗಾಕರವರ್ಮನದೆಂದು ಹೇಳುವರು. ರಾಧಾಕೃಷ್ಣ ದೇವಾಲಯವಾದರೋ 1825ರದು.

ಈ ಶಿಖರಗಳ ರೂಪವು ಬಯಲುಸೀಮೆಯಿಂದ ಬಂದುದು. ಉತ್ತರದೇಶದ ನಾಗರಪದ್ಧತಿಯಂತೆ ಒಳಬಾಗುತ್ತ ಮೇಲೇರಿ, ನೆತ್ತಿಯಲ್ಲಿ ನೆಲ್ಲಿಯ ಕಾಯಿಯಂತಹ ಆಮಲಕವನ್ನು ಹೊತ್ತಿರುವ ಈ ರೂಪವು ಬಿಸಿಲಿನ ನಾಡಿಗೆ ತಕ್ಕುದು. ಹಿಮ ಬೀಳುವ ನಾಡಿನಲ್ಲಿ ಅದಕ್ಕೆ ಅಪಾಯವುಂಟು. ಕಲ್ಲಿನ ಸಂದುಗಳಲ್ಲಿ ಇಳಿದ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಸಂದುಗಳನ್ನು ಸಡಿಲಿಸುತ್ತದೆ. ಇದಕ್ಕೆ ಚಂಬಾದವರು ಕಂಡುಕೊಂಡ ಉಪಾಯವು ಬಹು ಸರಳವಾದುದು. ಶಿಖರದ ಮೇಲ್ಭಾಗಕ್ಕೆ ಮರದ ಛತ್ರಿಗಳನ್ನು ಹೊದಿಸಿದರು. ಗರ್ಭಗೃಹದ ದೇವರಿಗೆ ಬಯಲಿನ ಶಿಲ್ಪಶಾಸ್ತ್ರವು ಮನೆಯನ್ನು ಕೊಟ್ಟಿತು. ಆ ಮನೆಗೆ ಬೆಟ್ಟದ ಬಡಗಿಯು ಕೊಡೆಯನ್ನು ಹಿಡಿದನು.

ಶಿಖರದ ಶುದ್ಧರೂಪವನ್ನು ಬಯಸುವ ರಸಿಕರಿಗೆ ಈ ಛತ್ರಿಯು ಕುಂದೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಮರವು ಕಲ್ಲಿನಷ್ಟು ಬಾಳುವ ವಸ್ತುವಲ್ಲ. ಅದು ಲಡ್ಡಾದಾಗ ಬೇರೆಯದನ್ನು ಮಾಡಿಸಲೇಬೇಕು. ಆದುದರಿಂದ ಛತ್ರಿಯಿರುವ ಶಿಖರವೊಂದು ಕಂಡರೆ, ಅದನ್ನು ಕಟ್ಟಿದವರಲ್ಲದೆ ಮತ್ತೆ ಮತ್ತೆ ನೋಡಿಕೊಂಡವರೂ ಇದ್ದರೆಂದು ತಿಳಿಯಬೇಕು. ಶತಮಾನಗಳ ಕಲ್ಲಿನ ಆಯುಸ್ಸು ಅಲ್ಪಾಯುವಾದ ಮರವನ್ನು ನಂಬಿಕೊಂಡಿದೆ.

ಚಂಬಾದ ಗುಡಿಗಳಿಗೆ ಹಿಮದ ಭಯವೊಂದೇ ಇದ್ದುದಲ್ಲ. 1678ರಲ್ಲಿ ದೇವಾಲಯಗಳನ್ನು ಕೆಡವಬೇಕೆಂದು ಔರಂಗಜೇಬನಿಂದ ಅಪ್ಪಣೆ ಬಂದಾಗ, ರಾಜಾ ಛತ್ರಸಿಂಹನು ಅದನ್ನು ಪಾಲಿಸದೆ ಶಿಖರಗಳಿಗೆ ಹೊಂಬಣ್ಣದ ಕಲಶಗಳನ್ನೇರಿಸಿದನೆಂದು ಚಂಬಾದ ಸಂಪ್ರದಾಯವು ಹೇಳುತ್ತದೆ. ಇತ್ತೀಚಿನ ಕಾಲದ ಭಯವು ಬೇರೆ ಬಗೆಯದು. ಊರಿನ ಚೌಗಾನೆಂಬ ಬಯಲಿನ ಪಕ್ಕದಲ್ಲಿರುವ ಹರಿರಾಯನ ದೇವಾಲಯದ ಚತುರ್ಮುಖ ವಿಷ್ಣುವಿನ ಲೋಹಮೂರ್ತಿಯು 1971ರಲ್ಲಿ ಕಳುವಾಗಿದ್ದಿತು; ಪುಣ್ಯವಶಾತ್ ಮತ್ತೆ ದೊರೆಯಿತು.

ಚಂಬಾದ ಚರಿತ್ರೆಯು ಇಷ್ಟಾದರೂ ನಮಗೆ ತಿಳಿದಿರುವುದು ಕಾಪಾಡಿದವರ ದೆಸೆಯಿಂದಲೇ. ತಾಮ್ರಶಾಸನಗಳನ್ನೂ ಕಲ್ಬರಹಗಳನ್ನೂ ಓದಿ ಪ್ರಾಚ್ಯಶೋಧಕರಾದ ವೋಗೆಲರು 1911ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅದಕ್ಕೆ ಮೂರು ವರ್ಷಗಳ ಮೊದಲೇ, 1908ರಲ್ಲಿ, ರಾಜಾ ಭೂರಿಸಿಂಹನ ಹೆಸರಿನ ವಸ್ತುಸಂಗ್ರಹಾಲಯವು ಅಲ್ಲಿ ಸ್ಥಾಪಿತವಾಗಿದ್ದಿತು.

ಹೊಸ ಗುಡಿಯನ್ನು ಕಟ್ಟಿಸಿ ಹೆಸರನ್ನು ಕೆತ್ತಿಸಿಕೊಳ್ಳುವುದು ಪುಣ್ಯವೆಂದು ಎಲ್ಲರೂ ಬಲ್ಲರು. ಹಳೆಯ ಗುಡಿಯ ಸೋರುವ ಸಂದನ್ನು ಮುಚ್ಚಿಸುವುದೂ ಅದಕ್ಕೆ ಕಡಿಮೆಯ ಪುಣ್ಯವಲ್ಲವೆಂಬುದನ್ನು ಚಂಬಾದ ಮರದ ಛತ್ರಿಗಳು ಸಾರುತ್ತಿವೆ.