ನೂರ್‌ಳ ನೋಟ್‌ಬುಕ್ಕು

ನೂರ್ ಇನಾಯತ್ ಖಾನ್‌ಳ ಕಥೆಯನ್ನು ಮಕ್ಕಳು ಮರಿ ಸಮೇತ ಮನೆಮಂದಿಯೆಲ್ಲ ಕೂತು ನೋಡುವ ನಾಟಕವಾಗಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಕಿರೀಟದ ಮೇಲೆ. ಟಿಪ್ಪು ವಂಶದ ರಾಜಕುಮಾರಿ, ಯುದ್ಧಕಾಲದ ಬೇಹುಗಾರ್ತಿ: ಭಿತ್ತಿಪತ್ರಕ್ಕೆ ಇಷ್ಟು ಸಾಕು. ಆದರೆ ಟಿಪ್ಪುವಿನ ನಂಟು ಬಂದದ್ದು ಬಳಸುದಾರಿಯಲ್ಲಿ. ಅವಳ ಮುತ್ತಜ್ಜ ಮೌಲಾ ಬಕ್ಷ್ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತಗಾರ; ಆತ ಕೈಹಿಡಿದ ಹೆಣ್ಣು ಟಿಪ್ಪು ಮನೆತನದವಳೆಂಬುದು ಆ ಕುಟುಂಬದ ನಂಬಿಕೆ. ರಾಜ್ಯ ಎಂದೋ ಹೋಗಿತ್ತು, ವೀಣೆ ಉಳಿದಿತ್ತು. ತಂದೆ ಬರೋಡದ ಸೂಫಿ ಇನಾಯತ್ ಖಾನ್, ತಾಯಿ ಅಮೆರಿಕದ ಓರಾ ರೇ ಬೇಕರ್. ನೂರ್ 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ ಬೆಳೆದು, ಮಕ್ಕಳಿಗೆ ಕಥೆ ಬರೆದಳು. 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವಳ ಪುಸ್ತಕದಲ್ಲಿ ಬುದ್ಧನ ಹಿಂದಿನ ಜನ್ಮಗಳ 20 ಜಾತಕ ಕಥೆಗಳಿದ್ದವು.

ಬೇಹುಗಾರ್ತಿ ಎಂಬ ಮಾತೂ ಸ್ವಲ್ಪ ಸಡಿಲವೇ. ಗುಟ್ಟು ಕದಿಯುವುದು ಅವಳ ಕಸುಬಲ್ಲ. ಜರ್ಮನರ ಕೈಲಿದ್ದ ಫ್ರಾನ್ಸಿನಿಂದ ಲಂಡನ್ನಿಗೆ ವೈರ್‌ಲೆಸ್ ಸಂದೇಶ ಮುಟ್ಟಿಸುವುದು ಅವಳ ಕೆಲಸ. 1943ರ ಜೂನ್ 16ರ ರಾತ್ರಿ ಪುಟ್ಟ ವಿಮಾನದಲ್ಲಿ ಹೋಗಿ ಇಳಿದಳು. ವಾರ ಕಳೆಯುವುದರೊಳಗೆ ಬ್ರಿಟನ್ನಿಗಾಗಿ ಗುಟ್ಟಾಗಿ ದುಡಿಯುತ್ತಿದ್ದ ಪ್ಯಾರಿಸ್ಸಿನ ಜಾಲ ಕುಸಿಯಿತು. ಮರಳಿ ಬಾ ಎಂದು ಲಂಡನ್ನಿನವರು ಕರೆದರೂ ಬರಲಿಲ್ಲ. ಸುಮಾರು 15 ಕಿಲೋ ತೂಗುವ ರೇಡಿಯೊ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಅಲೆದಳು. ಮೆಟ್ರೊದಲ್ಲಿ ಜರ್ಮನ್ ಸೈನಿಕರು ಇದೇನೆಂದು ಕೇಳಿದಾಗ ಸಿನಿಮಾ ಯಂತ್ರ ಎಂದು ಮುಚ್ಚಳ ತೆಗೆದು ತೋರಿಸಿದಳೆಂಬ ಪ್ರಸಂಗ ಅವಳ ಜೀವನಚರಿತ್ರೆಯಲ್ಲಿದೆ. ಇದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿಯೇ ತಟ್ಟುತ್ತಾರೆ. ರೇಡಿಯೊ ನಡೆಸುವವರು ಆರು ವಾರ ಉಳಿದರೆ ಹೆಚ್ಚು ಎಂದಿದ್ದ ಕಾಲದಲ್ಲಿ ಅವಳು ಹೆಚ್ಚುಕಡಿಮೆ ನಾಲ್ಕು ತಿಂಗಳು ದಕ್ಕಿಸಿಕೊಂಡಳು. ಅಕ್ಟೋಬರಿನಲ್ಲಿ ಯಾರೋ ಹಿಡಿದುಕೊಟ್ಟರು. ಆಗ ಕೋಣೆಯಲ್ಲಿ ಸಿಕ್ಕಿದ್ದು ಒಂದು ನೋಟ್‌ಬುಕ್ಕು: ಅದುವರೆಗೆ ಕಳಿಸಿದ ಸಂದೇಶಗಳೆಲ್ಲ ಅದರಲ್ಲಿದ್ದವು. ಸಂದೇಶಗಳ 'ಫೈಲಿಂಗ್' ಬಗ್ಗೆ ಜೋಕೆ ಎಂದು ಮೇಲಿನವರು ಬರೆದುಕೊಟ್ಟಿದ್ದರು. ಆ ಕಸುಬಿನಲ್ಲಿ ಫೈಲ್ ಮಾಡುವುದೆಂದರೆ ರವಾನಿಸುವುದು. ಅವಳು ಕೂಡಿಡುವುದು ಎಂದುಕೊಂಡಳು ಎನ್ನುತ್ತಾರೆ ಇತಿಹಾಸಕಾರರು. ಹಲವು ನುಡಿಗಳ ನಡುವೆ ಬೆಳೆದವಳು ಒಂದು ಪದಕ್ಕೆ ಎಡವಿದಳು.

ಮಕ್ಕಳ ಮುಂದೆ ಇದೆಲ್ಲ ಏಕೆ, ಧೈರ್ಯವನ್ನಷ್ಟೇ ತೋರಿಸಿದರಾಗದೆ ಎಂಬ ಆಕ್ಷೇಪಣೆ ಸಹಜ. ಅದಕ್ಕೆ ಒಪ್ಪುವ ಕಥೆಯೂ ಇದೆ: ಜಾತಕದ ಕಪಿರಾಜ ತನ್ನ ಮೈಯನ್ನೇ ಸೇತುವೆ ಮಾಡಿ ಬಳಗವನ್ನು ದಾಟಿಸುತ್ತಾನೆ. ಆ ಕಥೆಯನ್ನು ಅವಳೇ ಬರೆದಿದ್ದಾಳೆ, ಯಾವ ನಿರ್ದೇಶಕರೂ ಬಿಡಲಾರರು. ಬಿಡುವುದೂ ಬೇಡ. ಆದರೆ ಕಪಿರಾಜ ತಪ್ಪು ಮಾಡುವುದಿಲ್ಲ, ನೂರ್ ಮಾಡಿದಳು. ನೋಟ್‌ಬುಕ್ಕನ್ನು ಮರೆಮಾಚಿದರೆ ಉಳಿಯುವುದು ಬೊಂಬೆ. ತಪ್ಪು ತೋರಿಸಿದರೆ ಅವಳು ಸಣ್ಣವಳಾಗುತ್ತಾಳೆ ಎಂಬ ಅಳುಕಿಗೂ ಆಧಾರವಿಲ್ಲ: ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ, ಚಾವಣಿ ಹತ್ತಿ ತಪ್ಪಿಸಿಕೊಳ್ಳಲು ನೋಡಿದಳು, ಮತ್ತೆ ಓಡುವುದಿಲ್ಲವೆಂದು ಬರೆದುಕೊಡಲು ಒಪ್ಪದೆ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸಂಕೋಲೆಯಲ್ಲಿ ತಿಂಗಳುಗಟ್ಟಲೆ ಕಳೆದಳು. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಕೊಟ್ಟಿತು. ಅವಳನ್ನು ಗುಂಡಿಟ್ಟು ಕೊಂದ ದೃಶ್ಯ ರಂಗದ ಮೇಲೆ ಬೇಡವೆನ್ನುವವರ ಮಾತನ್ನು ಬೇಕಾದರೆ ಒಪ್ಪೋಣ, ದೀಪ ಆರಿಸಿದರೂ ನಡೆದೀತು. ಆದರೆ ಅಲ್ಲಿ ಯಾರು ಯಾರಿದ್ದರೆಂದು ಹೇಳಲೇಬೇಕು. 1944ರ ಸೆಪ್ಟೆಂಬರ್ 13ರಂದು ಡಕಾವ್‌ನಲ್ಲಿ ನೂರ್ ಜೊತೆ ಇನ್ನೂ ಮೂವರು ಹೆಂಗಸರನ್ನು ಕೊಂದರು. ಅವರಲ್ಲಿ ಮ್ಯಾಡಲೀನ್ ದಾಮರ್ಮಾನ್ ಒಬ್ಬಳು. ಆ ನೋಟ್‌ಬುಕ್ಕು ಕೈಗೆ ಸಿಕ್ಕಮೇಲೆ ನೂರ್‌ಳ ಜಾಲದ ಹೆಸರಿನಲ್ಲಿ ಜರ್ಮನರು ಲಂಡನ್ನಿಗೆ ಕಳಿಸಿದ ಸಂದೇಶ ನಂಬಿ, ಆ ವರ್ಷದ ಫೆಬ್ರವರಿ ಕೊನೆಯಲ್ಲಿ ಪ್ಯಾರಾಚೂಟ್‌ನಲ್ಲಿ ನೇರ ಅವರ ಕೈಗೇ ಬಂದಿಳಿದವಳು ಅವಳು.