ಅಕ್ಕಸಾಲಿಕೆಯ ಮೊದಲ ಪಾಠ

ರತ್ನಪರೀಕ್ಷೆಯನ್ನೂ ಮೇಣದ ಅಚ್ಚಿನಿಂದ ಲೋಹವನ್ನು ಎರಕಹೊಯ್ಯುವ ಕ್ರಮವನ್ನೂ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲಿಯೇ ವಿವರಿಸಿದೆ. ಆದರೆ ಗ್ರಂಥವನ್ನೋದಿದ ಮಾತ್ರಕ್ಕೆ ಯಾರೂ ಅಕ್ಕಸಾಲಿಯಾಗುವುದಿಲ್ಲ. ಹೊಸಬನು ಮೊದಲು ಅಗ್ಗಿಷ್ಟಿಕೆಯ ಬೆಂಕಿಯನ್ನು ಕಾಯಬೇಕು. ಊದುಗೊಳವೆಯ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಬೇಕು. ತಂತಿಯೆಳೆಯುವುದನ್ನೂ ಬಿಳಿಗಾರವಿಟ್ಟು ಬೆಸೆಯುವುದನ್ನೂ ಕಲಿಯಬೇಕು. ಹರಳು ಕೂರಿಸುವ ಕೆಲಸ ಆಮೇಲಿನದು. ಕುಂದಣದ ಕೆಲಸದಲ್ಲಿ ಅರಗು ತುಂಬಿದ ಗೂಡಿನಲ್ಲಿ ಹರಳನ್ನಿಟ್ಟು, ಸುತ್ತಲೂ ಅಪರಂಜಿಯ ತೆಳುರೇಕನ್ನು ಒತ್ತಿ ಕೂಡಿಸುತ್ತಾರೆ. ಚಿನ್ನ ಮೃದುವಾಗಿರುವುದರಿಂದಲೇ ಇದು ಸಾಧ್ಯ.

ಕೈಯಿಂದ ಕೈಗೆ ಬಂದ ಈ ವಿದ್ಯೆಗೆ ಸ್ವತಂತ್ರ ಭಾರತದಲ್ಲಿ ಅನಿರೀಕ್ಷಿತವಾದ ಪೆಟ್ಟು ಬಿದ್ದಿತು. ಚೀನಾ ಯುದ್ಧದ ತರುವಾಯ, ವಿದೇಶೀ ವಿನಿಮಯವನ್ನು ಉಳಿಸುವ ಉದ್ದೇಶದಿಂದ 1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಶುದ್ಧವಾದ ಆಭರಣಗಳ ತಯಾರಿಕೆಯನ್ನು ನಿಷೇಧಿಸಿದವು. 22 ಕ್ಯಾರೆಟ್ಟಿನಲ್ಲಿ ನೂರಕ್ಕೆ ಸುಮಾರು 92 ಪಾಲು ಚಿನ್ನವಿದ್ದರೆ 14ರಲ್ಲಿರುವುದು ಸುಮಾರು 58 ಪಾಲು, ಲೋಹವೂ ಗಡಸು. ಕೈ ಪಳಗಿದ್ದ ಲೋಹವೇ ಹೀಗೆ ಬದಲಾಯಿತು. ಅನೇಕ ಅಕ್ಕಸಾಲಿಗರು ಜೀವನೋಪಾಯವನ್ನು ಕಳೆದುಕೊಂಡರು. 14 ಕ್ಯಾರೆಟ್ಟಿನ ನಿರ್ಬಂಧವನ್ನು 1966ರಲ್ಲಿ ತೆಗೆದುಹಾಕಲಾಯಿತು. 1968ರ ಚಿನ್ನ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಯಿತು.

ಈ ನಿಯಂತ್ರಣದ ಫಲಾಫಲಗಳನ್ನು ವಿನಿಮಯದ ಲೆಕ್ಕದಲ್ಲಿ ಅಳೆಯುವುದು ರೂಢಿ. ಆ ವರ್ಷಗಳಲ್ಲಿ ತಂದೆಯ ಅಗ್ಗಿಷ್ಟಿಕೆಯ ಮುಂದೆ ಕೂರದೆ ಬೇರೆ ಕಸುಬು ಹಿಡಿದ ಹುಡುಗರನ್ನೂ ನಾವು ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಕಾಯಿದೆಯನ್ನು ಹಿಂತೆಗೆದುಕೊಂಡಷ್ಟು ಸುಲಭವಾಗಿ ಅವರು ಕಲಿಯದೆ ಬಿಟ್ಟ ಪಾಠವನ್ನು ಮರಳಿ ತರಲಾಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.