ಗೆದ್ದವರು ಎಷ್ಟು ಮಂದಿಯ ಪ್ರತಿನಿಧಿ?

2013ರ ಸೊರಬದ ಚುನಾವಣೆಯನ್ನೇ ನೋಡಿರಿ. ಮಧು ಬಂಗಾರಪ್ಪನವರು ಗೆದ್ದರು. ಅವರ ಅಣ್ಣ ಕುಮಾರ ಬಂಗಾರಪ್ಪನವರಿಗೂ ಹರತಾಳು ಹಾಲಪ್ಪನವರಿಗೂ ಬಿದ್ದ ಮತಗಳನ್ನು ಕೂಡಿಸಿದರೆ ಗೆದ್ದವರ ಮತಕ್ಕಿಂತ ಹೆಚ್ಚು. ಗೆಲುವೇನೋ ನ್ಯಾಯವಾದದ್ದೇ; ನಮ್ಮ ಕಾಯಿದೆ ಅರ್ಧಕ್ಕಿಂತ ಹೆಚ್ಚು ಮತವನ್ನು ಕೇಳುವುದಿಲ್ಲ. ಫ್ರಾನ್ಸಿನಲ್ಲಾದರೆ ಎರಡನೆಯ ಸುತ್ತು ನಡೆಯಬೇಕಾಗುತ್ತಿತ್ತು.

ನೆರೆಯ ಶಿಕಾರಿಪುರದ ಯಡಿಯೂರಪ್ಪನವರು ಮುಖ್ಯಮಂತ್ರಿಗಳಾದ 2008ರ ಲೆಕ್ಕ ಇನ್ನೂ ಸೋಜಿಗದ್ದು. ಅವರ ಭಾರತೀಯ ಜನತಾ ಪಕ್ಷಕ್ಕೆ ನೂರಕ್ಕೆ ಸುಮಾರು 34 ಮತ, 110 ಸ್ಥಾನ. ಕಾಂಗ್ರೆಸ್ಸಿಗೆ ಸುಮಾರು 35 ಮತ, 80 ಸ್ಥಾನ! ಇದೇ ತಕ್ಕಡಿ 1989ರಲ್ಲಿ ಕಾಂಗ್ರೆಸ್ಸಿಗೆ ಸುಮಾರು 44 ಮತಕ್ಕೆ 224ರಲ್ಲಿ 178 ಸ್ಥಾನ ತೂಗಿಕೊಟ್ಟಿತ್ತು.

ಜರ್ಮನಿಯಲ್ಲಿ ಪಕ್ಷದ ಮತಪ್ರಮಾಣವೇ ಸ್ಥಾನಗಳನ್ನು ಅಳೆಯುತ್ತದೆ. ಆದರೆ ಪಕ್ಷದ ಪಟ್ಟಿಯಿಂದ ಬಂದವರನ್ನು, ನಮ್ಮೂರ ಕೆರೆಯ ತೂಬು ಒಡೆದಾಗ, ಹಿಡಿದು ನಿಲ್ಲಿಸಿ ಕೇಳುವವರು ಯಾರು?